ಎಂಜಿನಿಗೆ ಕಟ್ಟಿದ ತೆನೆ

ನಮ್ಮ ಮನೆಯಲ್ಲಿ ಮೊದಲು ಕಾರು ಉಣ್ಣಬೇಕು, ಆಮೇಲೆ ದನ, ಆಮೇಲೆ ನಾನು, ಎಲ್ಲರದ್ದೂ ಆಗಿ ಪಾತ್ರೆಯ ತಳದಲ್ಲಿ ಏನಾದರೂ ಉಳಿದರೆ ಅಮ್ಮ. ಕಕ್ಕಿಂಜೆಯಿಂದ ಮೇಲೆ, ಚಾರ್ಮಾಡಿ ಘಾಟಿಯ ಬುಡದಲ್ಲಿ, ಮುಳಿಹುಲ್ಲು ಹೊದೆಸಿದ ಮಣ್ಣಿನ ಮನೆಯಲ್ಲಿ ಒಂದು ರೇಸಿನ ಕಾರು ಇತ್ತು ಎಂದರೆ ಈಗಿನವರು ನಗುತ್ತಾರೆ. ನಗುವವರು ನಗಲಿ. ನನಗೆ ಅರುವತ್ತು ದಾಟಿದೆ, ಕೂದಲು ಬೆಳ್ಳಗಾಗಿದೆ, ಆದರೂ ಆ ಕಾರಿನ ನೆನಪು ಬಂದರೆ ಕಿವಿಯವರೆಗೆ ಬಿಸಿ ಏರುತ್ತದೆ.

ಹಾಗೆ ನೋಡಿದರೆ ನಾನೀಗ ಸಿಟ್ಟು ಮಾಡುವ ಕಾಲವೇ ಅಲ್ಲ. ಮಗಳು ಅಶ್ವಿನಿ ಹೆರಿಗೆಗೆಂದು, ನಾನು ಮದುವೆಯಾಗಿ ಬಂದ ಪುತ್ತಿಗೆಯ ಮನೆಗೆ ಬಂದು, ಒಂದು ಹೆಣ್ಣು ಮಗುವನ್ನು ಹೆತ್ತು ನನ್ನ ಕೈಗೆ ಕೊಟ್ಟಿದ್ದಾಳೆ. ನನ್ನ ಮೊದಲ ಮೊಮ್ಮಗಳು. ಕಾಲು ಚಾಚಿ ಕೂತು, ಅದನ್ನು ಕಾಲಿನ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸುವಾಗ, ಬಿಸಿನೀರು ಬಿದ್ದ ಕೂಡಲೇ ಅದು ಅಳುವುದನ್ನು ಮರೆತು ಬಾಯಿ ತೆರೆದು ಆಕಳಿಸುವಾಗ, ನನಗೆ ರಸ್ತೆಗೆ ಓಡಿ ಬಸ್ಸು ನಿಲ್ಲಿಸಿ ಕಂಡಕ್ಟರಿಗೂ ಹೇಳಬೇಕು ಅನಿಸುತ್ತದೆ. ಹೇಳಿದ್ದೇನೆ ಕೂಡ. ಮೂಡಬಿದಿರೆ ಪೇಟೆಯಲ್ಲಿ ಮೀನು ಮಾರುವವಳಿಗೆ ಹೇಳಿದೆ, ಅವಳು ಖುಷಿಯಲ್ಲಿ ಎರಡು ಬಂಗುಡೆ ಹೆಚ್ಚು ಹಾಕಿದಳು. ಇಷ್ಟು ಸಂತೋಷದಲ್ಲಿ ನಾನು ತೇಲುತ್ತಿರುವಾಗ ಒಂದು ಭಾನುವಾರ ಅಂಗಳದಲ್ಲಿ ಗುರ್‍ರ್ ಎಂದು ಸದ್ದಾಯಿತು. ಜೋಲಿಯಲ್ಲಿದ್ದ ಮಗು ಬೆಚ್ಚಿಬಿತ್ತು. ಹೊರಗೆ ಬಂದು ನೋಡಿದರೆ ಅಳಿಯ ಪ್ರದೀಪ, ನೆಲಕ್ಕೆ ಹೊಟ್ಟೆ ತಾಗುವಂಥ ಎರಡೇ ಬಾಗಿಲಿನ ಒಂದು ಕಾರಿನಿಂದ ಬೆನ್ನು ಬಗ್ಗಿಸಿ ಇಳಿಯುತ್ತಿದ್ದಾನೆ. ಬಂಟ್ವಾಳದಲ್ಲಿ ಅವನದ್ದು ಶಾಮಿಯಾನ ಮತ್ತು ಸೌಂಡ್ಸಿನ ಅಂಗಡಿ. ಒಳ್ಳೆಯ ಹುಡುಗ, ಕೆಟ್ಟ ಚಟ ಒಂದೂ ಇಲ್ಲ ಎಂದು ನಾನು ಊರಿಡೀ ಹೇಳಿಕೊಂಡು ಬಂದಿದ್ದೆ.

“ಹೇಗುಂಟು ಅತ್ತೆ?”

“ಎಂತ ಇದು?”

“ಸ್ಪೋರ್ಟ್ಸ್ ಕಾರು. ಸ್ವಲ್ಪ ಹಳೆಯದು, ಆದರೆ ಎಂಜಿನ್ ಬೆಂಕಿ! ಭಾರೀ ಅಗ್ಗಕ್ಕೆ ಸಿಕ್ಕಿತು.”

“ಹಿಂದೆ ಸೀಟು?”

“ಉಂಟಲ್ಲ, ಸಣ್ಣದು. ಬ್ಯಾಗ್ ಇಡ್ಲಿಕ್ಕೆ ಆಗ್ತದೆ.”

ಅಳಿಯನನ್ನು ಗದರಿಸುವ ಕ್ರಮ ನಮ್ಮಲ್ಲಿ ಇಲ್ಲ. ಒಳಗೆ ಹೋಗಿ ಚಾ ಮಾಡಿ ಕೊಟ್ಟೆ. ಅಗ್ಗಕ್ಕೆ ಸಿಕ್ಕಿತಂತೆ! ಇಂಥ ಕಾರು ಸಿಗುವುದು ಅಗ್ಗಕ್ಕೇ. ಅದನ್ನು ಸಾಕುವುದು ಎಂತಹ ಕೆಲಸ ಎಂದು ಮಾರುವವನಿಗೆ ಗೊತ್ತಿರುತ್ತದೆ, ಅದಕ್ಕೇ ಅವನು ಮಾರುವುದು. ಮುಂದಿನ ಭಾನುವಾರ ಪ್ರದೀಪ ಬಂದಾಗ ಟಯರಿನ ವಿಷಯ ತೆಗೆದ. ಅದರ ಮುಂದಿನ ಭಾನುವಾರ ಬಸ್ಸಿನಲ್ಲಿ ಬಂದ. ಮಗುವಿಗೆ ತೊಟ್ಟಿಲು ತಾನೇ ತರುತ್ತೇನೆ, ಹಲಸಿನ ಮರದ್ದೇ ಆಗಬೇಕು, ಬೇರೆ ಯಾರೂ ತರಬಾರದು ಎಂದು ಆಸ್ಪತ್ರೆಯಲ್ಲೇ ಮಾತು ಕೊಟ್ಟವನು ಚಾದ ಲೋಟ ನೋಡುತ್ತಾ ಹೇಳಿದ:

“ತೊಟ್ಟಿಲು ಮುಂದಿನ ತಿಂಗಳು ತರುವ ಅತ್ತೆ. ಈ ಸಲ ಗೇರ್ ಬಾಕ್ಸು ಸ್ವಲ್ಪ ಕೈ ಕಚ್ಚಿತು. ಪಾಪುವಿಗೆ ಈಗ ಸೀರೆಯ ಜೋಲಿ ಸಾಕಾಗ್ತದಲ್ಲ?”

ಜೋಲಿಗೆ ಕಟ್ಟಿದ್ದು ನನ್ನದೇ ಹಳೆಯ ಸೀರೆ. ಅದರಲ್ಲಿ ಮಗು ಸುಖವಾಗಿಯೇ ನಿದ್ದೆ ಮಾಡುತ್ತದೆ. ನನಗೆ ತಾಗಿದ್ದು ಆ “ಮುಂದಿನ ತಿಂಗಳು”. ಆ ಮಾತಿನ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಅದರಲ್ಲಿ ನಾನು ಹೋಗಿ ಬಂದವಳು.

ನನ್ನ ಅಪ್ಪ ದೇಜಪ್ಪ ಘಾಟಿಯ ಮೇಲಿನ ಒಂದು ಕಾಫಿ ತೋಟದಲ್ಲಿ ಧಣಿಗಳ ಜೀಪು ಬಿಡುತ್ತಿದ್ದರು. ತಿಂಗಳಿಗೊಮ್ಮೆ ಮನೆಗೆ ಬರುವಾಗ ಅವರ ಅಂಗಿಯಲ್ಲಿ ಪೆಟ್ರೋಲಿನ ವಾಸನೆ, ಕೈಚೀಲದಲ್ಲಿ ಕಾಫಿ ಪುಡಿಯ ವಾಸನೆ. ಧಣಿಗಳು ಅವರ ಸಂಬಳದಲ್ಲಿ ಪ್ರತಿ ತಿಂಗಳೂ ಸ್ವಲ್ಪ ಹಿಡಿದಿಡುತ್ತಿದ್ದರಂತೆ, ಕೆಲಸ ಬಿಡುವಾಗ ಒಟ್ಟಿಗೆ ಕೊಡುತ್ತೇನೆ ಎಂದು. ಆ ಹಣ ಬಂದಾಗ ಮಾಡಿಗೆ ಹಂಚು ಹಾಕಿಸುವುದೆಂದು ಅಮ್ಮ ತೀರ್ಮಾನ ಮಾಡಿಯಾಗಿತ್ತು. ಯಾವ ಕೋಣೆಯ ಮೇಲೆ ಗಾಜಿನ ಹಂಚು ಬರಬೇಕು ಎಂಬುದನ್ನು ಸಹ ನನಗೆ ಬೆರಳಿನಲ್ಲಿ ತೋರಿಸಿದ್ದಳು. ಅಡುಗೆ ಒಲೆಯ ಮೇಲೆ ಒಂದು, ನಾನು ಕೂತು ಓದುವ ಮೂಲೆಯ ಮೇಲೆ ಒಂದು. ನಾನೊಬ್ಬಳೇ ಮಗಳು. ಅಪ್ಪ ಕೆಲಸ ಬಿಟ್ಟು ಬರುವ ದಿನ ಅಮ್ಮ ಒಣಮೀನು ಹುರಿದು, ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಅಪ್ಪ ಬಂದದ್ದು ಕೆಂಪು ಕಾರಿನಲ್ಲಿ. ಎರಡು ಬಾಗಿಲು, ಎರಡೇ ಸೀಟು, ಮೇಲೆ ಬಟ್ಟೆಯ ಮಾಡು, ಎತ್ತರ ನಮ್ಮ ನಾಯಿಗಿಂತ ಸ್ವಲ್ಪ ಜಾಸ್ತಿ.

“ಗಿರಿಜಾ, ಹೊರಗೆ ಬಾ!” ಎಂದು ಅಮ್ಮನನ್ನು ಕರೆದರು. “ನೋಡು, ಧಣಿಗಳು ನನಗೇ ಕೊಟ್ಟದ್ದು. ಬೇರೆ ಯಾರಿಗೂ ಕೊಡ್ತಿರ್ಲಿಲ್ಲ.”

“ಬೇರೆ ಯಾರಿಗೂ ಬೇಡವಾಗಿತ್ತೋ ಏನೋ. ಹಣ ಎಲ್ಲಿ ಮಾರಾಯ್ರೆ?”

“ಇದೇ ಹಣ.”

“ಇದನ್ನು ಮಾಡಿಗೆ ಹೊದೆಸ್ಲಿಕ್ಕೆ ಆಗ್ತದಾ?”

ಧಣಿಗಳ ಮೇಲೂ ನನಗೆ ಸಿಟ್ಟುಂಟು. ತೋಟದ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿದ್ದ ಒಂದು ಗೋಳನ್ನು ಒಬ್ಬ ಡ್ರೈವರನ ಹತ್ತಾರು ವರ್ಷದ ಬೆವರಿಗೆ ಸರಿ ಮಾಡಿ, ಮೇಲೆ ಬೆನ್ನು ತಟ್ಟಿ ಕಳಿಸಿದರು. ಅಪ್ಪ ಆ ಬೆನ್ನು ತಟ್ಟಿದ್ದನ್ನೇ ಜೀವನಪೂರ್ತಿ ಹೇಳಿಕೊಂಡರು.

ಕಾರು ಇಡಲು ಜಾಗ ಬೇಕಲ್ಲ. ಮನೆಗೆ ತಾಗಿ ದನದ ಹಟ್ಟಿ ಇತ್ತು, ಮೇಲೆ ಅಟ್ಟದಲ್ಲಿ ಬೈಹುಲ್ಲು. ನಮ್ಮ ಬೊಳ್ಳಿಯನ್ನು ಅಲ್ಲಿಂದ ಬಿಚ್ಚಿ, ಹಿಂದೆ ತೆಂಗಿನ ಮಡಲಿನ ಒಂದು ಚಪ್ಪರ ಎಬ್ಬಿಸಿ ಅದರಡಿ ಕಟ್ಟಿದರು. ಬೊಳ್ಳಿ ಬಿಳಿ ದನ, ಅಮ್ಮನ ತವರಿನಿಂದ ಬಂದದ್ದು. ಮಳೆಗೆ ಅದರ ಬೆನ್ನು ಒದ್ದೆಯಾಗುತ್ತಿತ್ತು, ಕಾರಿನ ಬೆನ್ನು ಒಣಗಿಯೇ ಇತ್ತು. ಆಮೇಲೆ ರಸ್ತೆ. ನಮ್ಮ ಮನೆಗೆ ಬರುವ ದಾರಿ ಕಲ್ಲು, ಉಬ್ಬು, ತಗ್ಗು. ಆ ಕಾರಿಗೆ ಒಂದು ಕಲ್ಲು ತಾಗಿದರೂ ಅಡಿಯ ಸೈಲೆನ್ಸರ್ ಕಿತ್ತು ಬರುತ್ತಿತ್ತು. ಹಾಗಾಗಿ ನಾವು ಮೂವರೂ ಸೇರಿ ದಾರಿ ಸಮ ಮಾಡಿದೆವು. ಮಣ್ಣು ಸಾಕಾಗದೆ ಕೆಳಗಿನ ಗದ್ದೆಯ ನೀರು ತಡೆಯುವ ಹುಣಿಯನ್ನು ಅಗೆದು ಹಾಕಿದರು ಅಪ್ಪ. ಮೊದಲ ಮಳೆಗೆ ಗದ್ದೆಯ ನೀರು ಒಡೆದು, ನೆಟ್ಟ ಭತ್ತದ ನೇಜಿಯೆಲ್ಲ ಪಕ್ಕದವರ ತೋಡಿಗೆ ಹೋಯಿತು. ಒಂದು ಕಾರು ತನಗಾಗಿ ದಾರಿಯನ್ನೂ ತಿನ್ನುತ್ತದೆ, ಗದ್ದೆಯನ್ನೂ ತಿನ್ನುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಊಟದ ಕಥೆ ಹೇಳಿದರೆ ಇನ್ನೂ ಸಿಟ್ಟು ಬರುತ್ತದೆ. ಸೀಟಿನ ಚರ್ಮ ಬಿರಿಯಬಾರದೆಂದು ಅಪ್ಪ ವಾರಕ್ಕೊಮ್ಮೆ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಅಮ್ಮನ ತಲೆಕೂದಲು ತೆಂಗಿನ ನಾರಿನ ಹಾಗೆ ನಿಂತಿರುತ್ತಿತ್ತು. ಒಗ್ಗರಣೆಗೆ ಎಣ್ಣೆ ಇಲ್ಲದೆ ಅವಳು ಹುರುಳಿಯನ್ನು ಬರೇ ಉಪ್ಪು ಮೆಣಸು ಹಾಕಿ ಬೇಯಿಸುತ್ತಿದ್ದಳು. ತೋಡಿನ ಬದಿಯಿಂದ ಒಂದೆಲಗ ಕಿತ್ತು ತಂದು ಚಟ್ನಿ ಅರೆಯುತ್ತಿದ್ದಳು, ಅದಕ್ಕೆ ಖರ್ಚಿಲ್ಲವಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆ ಗಂಜಿ. ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ ಒಂದು ದಿನ ಕಾಣಲಿಲ್ಲ. ಅದು ಎರಡು ಟಯರುಗಳಾಗಿ ಬಂತು. ಅಂಗಳದ ಮೂಲೆಯ ಹಲಸಿನ ಮರ ಕ್ಲಚ್ ಪ್ಲೇಟಾಯಿತು. ಅಪ್ಪ ಒಂದೊಂದು ಭಾಗವನ್ನೂ ಬಿಚ್ಚಿ ಗೋಣಿಯಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋಗುತ್ತಿದ್ದರು. ಕಂಡಕ್ಟರು ಇಡೀ ಬಸ್ಸಿಗೆ ಕೇಳುವ ಹಾಗೆ, “ದೇಜಪ್ಪಣ್ಣ, ಕಾರು ಇರುವವರು ಬಸ್ಸಿನಲ್ಲಿ ಯಾಕೆ? ನಮ್ಮಂಥ ಬಡವರಿಗೆ ಸೀಟು ಬಿಡಿ!” ಎನ್ನುತ್ತಿದ್ದನಂತೆ. ಅಪ್ಪ ಅದನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಂಟ್ವಾಳದ ಗ್ಯಾರೇಜಿನಲ್ಲಿ ಲಾರೆನ್ಸ್ ಮೇಸ್ತ್ರಿ ಎಂಬವರು ಆ ಗೋಣಿ ಬಿಚ್ಚಿ ನೋಡಿ, ಸತ್ತ ಕೋಳಿಯನ್ನು ಹಿಡಿದ ಹಾಗೆ ಎರಡು ಬೆರಳಿನಲ್ಲಿ ಎತ್ತಿ ಹಿಡಿದರು.

“ದೇಜಪ್ಪಣ್ಣ, ಇದು ಬೊಂಬಾಯಿಯಿಂದ ಬರಬೇಕು. ಬಂದರೆ ನಿಮ್ಮ ಪುಣ್ಯ.”

“ಬರಲಿ ಮಾರಾಯ. ನಾನು ಕಾಯ್ತೇನೆ.”

“ಕಾಯ್ಲಿಕ್ಕೆ ಖರ್ಚಿಲ್ಲ. ಬಂದ ಮೇಲೆ ಉಂಟು. ನಾನು ಒಂದು ಮಾತು ಹೇಳಲಾ? ಕಾರನ್ನು ಕಂಬದ ಮೇಲೆ ನಿಲ್ಲಿಸಿ, ಅಡಿಯಲ್ಲಿ ಕೋಳಿ ಸಾಕಿ.”

ಅಪ್ಪ ಹೊಟ್ಟೆ ತುಂಬ ನಕ್ಕರು. ನನಗೆ ನಗು ಬರಲಿಲ್ಲ. ನಾನಾಗ ಏಳನೆಯ ಕ್ಲಾಸು. ನಮ್ಮ ಶಾಲೆಯಲ್ಲಿ ಏಳಕ್ಕೆ ಮುಗಿಯುತ್ತಿತ್ತು, ಮುಂದೆ ಹೈಸ್ಕೂಲಿಗೆ ಉಜಿರೆಗೆ ಹೋಗಬೇಕು. ಬಸ್ಸಿನ ಹಣ ಬೇಕು, ನೀಲಿ ಲಂಗ ಬಿಳಿ ರವಿಕೆ ಬೇಕು, ಪುಸ್ತಕ ಬೇಕು. ಅಮ್ಮ ಅದಕ್ಕೊಂದು ವ್ಯವಸ್ಥೆ ಮಾಡಿದ್ದಳು. ಬೊಳ್ಳಿ ಕರು ಹಾಕಿದ ಮೇಲೆ ನಾನು ಪ್ರತಿದಿನ ಬೆಳಿಗ್ಗೆ ಕಕ್ಕಿಂಜೆಯ ಹೋಟೆಲಿಗೆ ಹಾಲು ಕೊಟ್ಟು, ಅಲ್ಲಿಂದಲೇ ಶಾಲೆಗೆ ಹೋಗುವುದು. ಹೋಟೆಲಿನವರು ಕೊಟ್ಟ ಹಣ ಅಮ್ಮ ಅಕ್ಕಿಯ ಮಡಕೆಯ ಒಳಗೆ ಹಾಕುವಳು.

“ವಾರಿಜಾ, ಬೊಳ್ಳಿಯೇ ನಿನ್ನ ಹೈಸ್ಕೂಲು. ಇದಕ್ಕೆ ಯಾರೂ ಕೈ ಹಾಕ್ಲಿಕ್ಕಿಲ್ಲ,” ಎಂದು ಅಪ್ಪನಿಗೆ ಕೇಳುವ ಹಾಗೆಯೇ ಹೇಳುತ್ತಿದ್ದಳು.

“ಯಾರು ಕೈ ಹಾಕ್ತಾರೆ? ಹೈಸ್ಕೂಲಿನ ಮೊದಲ ದಿನ ಮಗಳನ್ನು ನಾನೇ ಕಾರಿನಲ್ಲಿ ಬಿಡ್ತೇನೆ. ಉಜಿರೆಯವರು ಬಾಯಿ ಬಿಟ್ಟು ನೋಡ್ಬೇಕು!”

ಅದನ್ನು ನಾನು ನಂಬಿದ್ದೆ. ಹಾಲಿನ ತಪಲೆ ತಲೆಯ ಮೇಲೆ ಇಟ್ಟುಕೊಂಡು ಇಳಿಯುವಾಗ, ಕಾರಿನಿಂದ ಹೈಸ್ಕೂಲಿನ ಗೇಟಿನಲ್ಲಿ ಇಳಿಯುವುದು ಹೇಗೆ, ಮೊದಲು ಯಾವ ಕಾಲು ಹೊರಗಿಡುವುದು ಎಂದು ಯೋಚನೆ ಮಾಡುತ್ತಿದ್ದೆ.

ಆ ವರ್ಷ ತೆನೆ ಹಬ್ಬ ಬಂತು. ನಮ್ಮ ಕಡೆಯಲ್ಲಿ ಹೊಸ ಬೆಳೆಯ ತೆನೆಯನ್ನು ಗದ್ದೆಯಿಂದ ತಲೆಯ ಮೇಲೆ ಹೊತ್ತು ತಂದು, ತುಳಸಿಕಟ್ಟೆಯ ಎದುರು ಇಟ್ಟು, ಮಾವಿನೆಲೆ ಹಲಸಿನೆಲೆಯ ಒಳಗೆ ಒಂದೊಂದು ತೆನೆ ಸೇರಿಸಿ, ನಾರಿನಲ್ಲಿ ಸುತ್ತಿ ಮನೆಯ ಎಲ್ಲದಕ್ಕೂ ಕಟ್ಟುವುದು. ಬಾಗಿಲಿಗೆ, ಕಂಬಕ್ಕೆ, ಅಕ್ಕಿಯ ಮಡಕೆಗೆ, ನೇಗಿಲಿಗೆ, ಬಾವಿಯ ರಾಟೆಗೆ, ದನದ ಕೊಟ್ಟಿಗೆಗೆ. ಕಟ್ಟುವಾಗ “ಪೊಲಿ, ಪೊಲಿ” ಎನ್ನುತ್ತಾರೆ, ಹೆಚ್ಚಾಗಲಿ, ತುಂಬಲಿ ಎಂದು. ಯಂತ್ರ, ಗಾಡಿ ಇದ್ದವರು ಅದಕ್ಕೂ ಹೊರಗೆ ಎಲ್ಲಿಯಾದರೂ ಒಂದು ಕಟ್ಟುತ್ತಾರೆ. ಅಪ್ಪ ಮಿಂದು, ಬಿಳಿ ಪಂಚೆ ಉಟ್ಟು, ಕಾರಿನ ಬಾನೆಟ್ ಎತ್ತಿದರು.

“ಕನ್ನಡಿಗೆ ಕಟ್ಟಿದರೆ ಸಾಕಲ್ಲ,” ಎಂದಳು ಅಮ್ಮ.

“ಕನ್ನಡಿಗೆ ಯಾಕೆ? ಇದರ ಜೀವ ಇರುವುದು ಎಂಜಿನಿನಲ್ಲಿ. ಜೀವಕ್ಕೇ ಕಟ್ಟುವ.”

“ಅಕ್ಕಿಯ ಮಡಕೆಗೆ ಒಂದು ಎಸಳು ಕಟ್ಟಿದ್ದೀರಿ. ಇಲ್ಲಿಗೆ ಒಂದು ಹಿಡಿಯಾ?”

“ಈ ವರ್ಷ ಇದಕ್ಕೇ ಅಲ್ಲವಾ ಹೆಚ್ಚು ಬೇಕಾದದ್ದು!”

ಒಂದು ದೊಡ್ಡ ಹಿಡಿ ತೆನೆಯನ್ನು ವಯರುಗಳ ನಡುವೆ ತೂರಿಸಿ, ನಾರಿನಲ್ಲಿ ಬಿಗಿದು, “ಪೊಲಿ, ಪೊಲಿ” ಎಂದು ಬಾನೆಟ್ ಮುಚ್ಚಿದರು. ಮತ್ತೆ ನಾವು ಹೊಸ ಅಕ್ಕಿಯ ಊಟಕ್ಕೆ ಕೂತೆವು. ಹೊಸ ಅಕ್ಕಿ ಬೆರೆಸಿದ ಪಾಯಸ. ತೆಂಗಿನಕಾಯಿ ಹಾಲಿಗೆ ಬೆಲ್ಲ ಸ್ವಲ್ಪ ಕಡಿಮೆಯೇ ಇತ್ತು, ಆದರೂ ಆ ವರ್ಷ ನಾವು ಉಂಡ ಒಂದೇ ಸಿಹಿ ಅದು. ಮೇಲೆ ಬೈಹುಲ್ಲಿನ ಅಟ್ಟ, ಕೆಳಗೆ ತೆಂಗಿನೆಣ್ಣೆ ಕುಡಿದ ಸೀಟು, ಒಳಗೆ ಹಿಡಿ ತುಂಬ ಹೊಸ ಭತ್ತ. ಇಲಿಗಳಿಗೆ ಅಷ್ಟು ದೊಡ್ಡ ಹಬ್ಬವನ್ನು ಕಕ್ಕಿಂಜೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಆ ದಿನಗಳಲ್ಲಿ ಕೈಯಲ್ಲಿ ಪೆಟ್ರೋಲಿಗೆ ಹಣ ಇರಲಿಲ್ಲ, ಹಾಗಾಗಿ ಕಾರು ಹಟ್ಟಿಯಲ್ಲೇ ಇತ್ತು. ಕೆಲವು ವಾರ ಕಳೆದು ಕೀಲಿ ತಿರುಗಿಸಿದರೆ ಒಂದು ಕೆಮ್ಮು ಕೂಡ ಇಲ್ಲ. ಅಪ್ಪ ಬ್ಯಾಟರಿ ಎಂದರು. ಅಮ್ಮನ ಕಿವಿಯ ಓಲೆ ಬ್ಯಾಟರಿಯಾಯಿತು. ಆ ಕಾರಿಗೆ ಬ್ಯಾಟರಿ ಇರುವುದು ಸೀಟಿನ ಹಿಂದೆ, ಅಲ್ಲಿ ಹೊಸದು ಹಾಕಿದರೂ ಇಲ್ಲ. ಕೊನೆಗೆ ಬಾನೆಟ್ ಎತ್ತಿ ನೋಡಿದರೆ ನಾರು ಮಾತ್ರ ಉಳಿದಿತ್ತು. ಭತ್ತದ ಉಮಿ ಎಲ್ಲ ಕಡೆ ಚೆಲ್ಲಿತ್ತು. ಭತ್ತ ಮುಗಿದ ಮೇಲೆ ಇಲಿಗಳು ವಯರಿಗೆ ಬಾಯಿ ಹಾಕಿದ್ದವು. ಸೀಟಿನ ಒಳಗಿನ ಹತ್ತಿ ತಂದು ಎಂಜಿನಿನ ಪಕ್ಕ ಒಂದು ಮೆತ್ತನೆಯ ಗೂಡು, ಅದರಲ್ಲಿ ಕಣ್ಣು ತೆರೆಯದ ಗುಲಾಬಿ ಮರಿಗಳು. ಪೊಲಿ ಎಂದದ್ದು ಸುಳ್ಳಾಗಲಿಲ್ಲ. ಲಾರೆನ್ಸ್ ಮೇಸ್ತ್ರಿಯೇ ಬಸ್ಸು ಹತ್ತಿ ಬಂದು ನೋಡಿದರು, ತಲೆ ಕೆರೆದರು, ವಯರಿಂಗ್ ಪೂರ್ತಿ ಹೊಸತಾಗಿ ಎಳೆಯಬೇಕು ಎಂದು ಹೇಳಿ ಗಂಜಿ ಉಂಡು ಹೋದರು. ಎಷ್ಟಾಗುತ್ತದೆ ಎಂದು ಅಪ್ಪನ ಕಿವಿಯಲ್ಲಿ ಹೇಳಿದರು. ಅಪ್ಪನ ಮುಖ ನೋಡಿಯೇ ಅಮ್ಮ ಅಕ್ಕಿಯ ಮಡಕೆಯನ್ನು ತಾನು ಮಲಗುವಲ್ಲಿಗೆ ಎಳೆದುಕೊಂಡಳು. ಅವಳು ಕಾದದ್ದು ಮಡಕೆಯನ್ನು. ದನವನ್ನು ಕಾಯಬೇಕು ಎಂದು ಅವಳಿಗೆ ಹೊಳೆಯಲಿಲ್ಲ.

ಏಳನೆಯ ಕ್ಲಾಸಿನ ಕೊನೆಯ ಪರೀಕ್ಷೆ ಮುಗಿಸಿ ನಾನು ಓಡುತ್ತಾ ಮನೆಗೆ ಬಂದೆ. ಅಮ್ಮ ಪಕ್ಕದ ಮನೆಯ ಗದ್ದೆ ಕೆಲಸಕ್ಕೆ ಹೋಗಿದ್ದವಳು ನನ್ನ ಹಿಂದೆಯೇ ಬಂದಳು. ಮಡಲಿನ ಚಪ್ಪರದಡಿ ಗೂಟ ಇತ್ತು, ಹಗ್ಗ ಇರಲಿಲ್ಲ. ಕರುವೂ ಇರಲಿಲ್ಲ. ಸೆಗಣಿ ಇನ್ನೂ ಹಸಿಯಾಗಿತ್ತು.

“ಬೊಳ್ಳಿ ಎಲ್ಲಿ?” ಅಮ್ಮ ಕೇಳಿದಳು.

ಅಪ್ಪ ಕಾರಿನ ಗಾಜು ಒರೆಸುತ್ತಿದ್ದರು. “ಕೊಟ್ಟೆ. ಒಳ್ಳೆ ಮನೆ. ಅಲ್ಲಿ ಹುಲ್ಲಿಗೆ ಬರ ಇಲ್ಲ.”

“ಅದು ನನ್ನ ತವರಿನ ದನ.”

“ಗೊತ್ತುಂಟು. ಕಾರು ಒಮ್ಮೆ ಸರಿಯಾಗಲಿ, ಇಂಥ ಎರಡು ದನ ಕಟ್ತೇನೆ. ಮದುವೆಗೆಲ್ಲ ಬಾಡಿಗೆಗೆ ಬಿಡುವ.”

“ಎರಡು ಸೀಟಿನ ಕಾರು ಮದುವೆಗೆ?”

“ಮದುಮಗ, ಮದುಮಗಳು. ಇಬ್ಬರೇ ಅಲ್ಲವಾ?”

“ಡ್ರೈವರ್ ಎಲ್ಲಿ ಕೂತುಕೊಳ್ಳುವುದು ಮಾರಾಯ್ರೆ? ಮದುಮಗಳ ಮಡಿಲಲ್ಲಾ?”

ಅಪ್ಪ ಮತ್ತೆ ಗಾಜು ಒರೆಸಿದರು. ಅಮ್ಮ ನನ್ನನ್ನು ತೋರಿಸಿ, “ಇವಳ ಶಾಲೆ?” ಎಂದಳು.

“ಮುಂದಿನ ವರ್ಷ ಕಳಿಸುವ.”

ಆ ದಿನ ಸಂಜೆ ಅಮ್ಮ ಒಲೆ ಹೊತ್ತಿಸಿದಳು, ಅಳಲಿಲ್ಲ. ನಮ್ಮ ಮನೆಯಲ್ಲಿ ದಿನಾ ಬಟ್ಟಲಿನಲ್ಲಿ ಗಂಜಿ, ಎಲೆ ಹಾಕುವುದು ಹಬ್ಬಕ್ಕೆ ಮಾತ್ರ. ಆದರೆ ಅವಳು ಬಾಳೆಲೆ ಕುಯ್ದು ತಂದು, ತೊಳೆದು, ಅಪ್ಪನ ಮಣೆಯ ಎದುರು ಹಾಸಿದಳು. ಅಪ್ಪ ರಾಜಿ ಆಯಿತು ಎಂದುಕೊಂಡು ಖುಷಿಯಲ್ಲಿ ಬಂದು ಕೂತರು. ಅಮ್ಮ ಸೌಟಿನಲ್ಲಿ ತಂದು ಎಲೆಯ ನಡುವೆ ಬಡಿಸಿದಳು. ಇಲಿ ಕಡಿದ ವಯರಿನ ತುಂಡುಗಳು. ಕೆಂಪು, ಹಳದಿ, ಕಪ್ಪು. ಎಲೆಯ ತುದಿಯಲ್ಲಿ ಉಪ್ಪು ಕೂಡ ಹಾಕಿದಳು.

“ಉಣ್ಣಿ. ಬೊಳ್ಳಿಯ ಹಾಲಿನಲ್ಲಿ ಬೇಯಿಸಿದ್ದು.”

ಅಪ್ಪ ಎದ್ದು ಹೋಗಿ ಕಾರಿನಲ್ಲಿ ಕೂತರು. ಅಮ್ಮ ಎಲೆ ತೆಗೆಯಲಿಲ್ಲ. ಬೆಳಿಗ್ಗೆ ನಾನೇ ಅದನ್ನು ಮಡಚಿ ಎಸೆದೆ, ಎಸೆಯುವಾಗ ವಯರಿನ ತುಂಡುಗಳಿಗೆ ನಾಯಿ ಮೂಗು ಕೊಟ್ಟು ಬಿಟ್ಟುಬಿಟ್ಟಿತು. ಮಡಕೆಯಲ್ಲಿದ್ದ ಹಾಲಿನ ಹಣ ಆ ಬೇಸಿಗೆಯ ಅಕ್ಕಿಗೆ ಹೋಯಿತು. ಹಾಲು ನಿಂತ ಮೇಲೆ ಮನೆಗೆ ಬೇರೆ ಏನು ಬರುತ್ತಿತ್ತು?

ಜೂನ್ ತಿಂಗಳಿಗೆ ಕಾರು ಸರಿಯಾಯಿತು. ಶಾಲೆ ಶುರುವಾದ ವಾರದಲ್ಲೇ ಒಂದು ದಿನ ಅಪ್ಪ ನನ್ನನ್ನು ಸಮಾಧಾನ ಮಾಡಲು ಕರೆದರು.

“ಬಾ ಮಗಾ, ಉಜಿರೆಗೆ ಒಂದು ರೌಂಡು ಹೋಗಿ ಬರುವ.”

ನಾನು ಹೋದೆ. ಆ ಕಾರಿಗೆ ನಾವು ಅಷ್ಟು ಬಡಿಸಿದ್ದೆವು, ನಾನು ಅದುವರೆಗೆ ಅದರಲ್ಲಿ ಕೂತೇ ಇರಲಿಲ್ಲ. ಗಾಳಿ ಮುಖಕ್ಕೆ ಬಡಿಯುವಾಗ ಸಿಟ್ಟು ಮರೆತೂ ಹೋಯಿತು. ಉಜಿರೆಗೆ ಬಂದು, ಸರಿಯಾಗಿ ಹೈಸ್ಕೂಲಿನ ಗೇಟಿನ ಎದುರು, ಕಾರು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಬೆಳಗಿನ ಗಂಟೆ ಇನ್ನೂ ಆಗಿರಲಿಲ್ಲ. ಬಸ್ಸಿನಿಂದ ಇಳಿದ ಹುಡುಗಿಯರು ಸುತ್ತ ನಿಂತರು. ಅವರಲ್ಲಿ ನನ್ನ ಕ್ಲಾಸಿನ ಸುಮಿತ್ರಾ ಇದ್ದಳು. ನೀಲಿ ಲಂಗ, ಬಿಳಿ ರವಿಕೆ.

“ಓ ವಾರಿಜಾ! ನೀನು ಯಾಕೆ ಶಾಲೆಗೆ ಸೇರಬೇಕು, ಅಲ್ಲವಾ? ಕಾರಿನಲ್ಲಿ ತಿರುಗುವವಳು!”

“ನಗಬೇಡ. ತಳ್ಳಲಿಕ್ಕೆ ಬಾ,” ಎಂದೆ.

ಪಾಪ, ಎಲ್ಲರೂ ಬಂದರು. ಚೀಲಗಳನ್ನು ನಾನು ಕೂತಿದ್ದ ಸೀಟಿನಲ್ಲಿ ರಾಶಿ ಹಾಕಿ, ಲಂಗ ಎತ್ತಿ ಸಿಕ್ಕಿಸಿ, ನನ್ನ ಜೊತೆ ಹಿಂದಿನಿಂದ ತಳ್ಳಿದರು. “ಹಾಂ! ಇನ್ನೂ ಸ್ವಲ್ಪ! ಹಾಂ!” ಅಪ್ಪ ಒಳಗಿನಿಂದ ಜಾತ್ರೆಯ ಹಾಗೆ ಕೂಗುತ್ತಿದ್ದರು. ಕಾರು ಹೊತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ ಎಂದು ಅಪ್ಪ ನಿಲ್ಲಿಸಲೇ ಇಲ್ಲ, ಚೀಲಗಳ ಸಮೇತ ಹೋಗಿಬಿಟ್ಟರು! “ಅಯ್ಯೋ, ನಮ್ಮ ಪುಸ್ತಕ!” ಎಂದು ಹುಡುಗಿಯರು ಬೊಬ್ಬೆ ಹಾಕುತ್ತಾ ಹಿಂದೆ ಓಡಿದರು. ಗಂಟೆ ಹೊಡೆಯಿತು. ಪೇಟೆಯ ಆಚೆ ತಿರುಗಿಸಿ ಅಪ್ಪ ಬಂದಾಗ, ಎಂಜಿನ್ ಆರದ ಹಾಗೆ ಗುರುಗುಟ್ಟಿಸುತ್ತಾ ಗೇಟಿನ ಬಳಿ ನಿಂತರು. ನಾನು ಸೀಟಿನಿಂದ ಒಂದೊಂದೇ ಚೀಲ ಎತ್ತಿ ಅವರವರ ಕೈಗೆ ಕೊಟ್ಟೆ. ಹೊಸ ಪುಸ್ತಕದ ವಾಸನೆ ಬರುತ್ತಿತ್ತು. ಸುಮಿತ್ರಾಳ ಚೀಲ ಕೊನೆಯದ್ದು. ಅದನ್ನೂ ಕೊಟ್ಟೆ. ಸೀಟು ಖಾಲಿಯಾಯಿತು. ಆ ಖಾಲಿ ಸೀಟಿನಲ್ಲಿ ಕೂತು ನಾನು ಮನೆಗೆ ಬಂದೆ.

ಆ ಮುಂದಿನ ವರ್ಷ ಬರಲಿಲ್ಲ. ನಾನು ಬೀಡಿ ಕಟ್ಟಲು ಕೂತೆ. ಮೊದಲು ಎಲೆ ಕತ್ತರಿಸಲು ಕಲಿತೆ, ಮತ್ತೆ ಸುತ್ತಲು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು, ಗಾಜಿನ ಹಂಚು ಬರಬೇಕಾಗಿದ್ದ ಆ ಮೂಲೆಯಲ್ಲೇ, ಬೆಳಕು ಸಾಲದೆ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದೆ. ನನ್ನ ಬೀಡಿಯಿಂದ ಆ ಕಾರಿಗೆ ಒಂದು ಹೆಡ್‌ಲೈಟು ಬಂತು. ಅದನ್ನು ಅಪ್ಪ ನನಗೆ ಕರೆದು ತೋರಿಸಿದರು, ನಾನು ಸಂತೋಷಪಡುತ್ತೇನೆ ಎಂದುಕೊಂಡರು! ಅದಕ್ಕಿಂತ ಹೆಚ್ಚು ಸಿಟ್ಟು ತರಿಸಿದ ಮಾತು ನನ್ನ ಆಯುಷ್ಯದಲ್ಲಿ ಇಲ್ಲ. ಅಪ್ಪ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಕೋಳಿ ಅಂಕದ ಜೂಜಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಅವರನ್ನು ಯಾರೂ ಬೈಯಲಿಲ್ಲ. ದೇಜಪ್ಪಣ್ಣ ಪಾಪದವರು ಎಂದು ಊರೇ ಹೇಳಿತು. ಪಾಪದವರೇ. ಮನೆಯನ್ನು ಪಾಪದವರಾಗಿಯೇ ಕಾರಿಗೆ ತಿನ್ನಿಸಿದರು. ಕೊನೆಗೆ ಆ ಕಾರು ಹಟ್ಟಿಯಲ್ಲಿ ಟಯರು ಕೂತು ನಿಂತಿತು. ಅಮ್ಮ ಅದರ ಬಾನೆಟ್ಟಿನ ಮೇಲೆ ಮೆಣಸು ಒಣಗಿಸಿದಳು. ಒಳಗೆ ಒಮ್ಮೆಯೂ ಕೂರಲಿಲ್ಲ. ಗುಜರಿಯವರು ಅದನ್ನು ಎಳೆದುಕೊಂಡು ಹೋದ ದಿನ ಹಟ್ಟಿ ಗುಡಿಸಿ, ಸೆಗಣಿ ಸಾರಿಸಿ, ಗೂಟವನ್ನು ಮೊದಲಿದ್ದ ಜಾಗದಲ್ಲೇ ಹೊಡೆದಳು. ದನ ಮಾತ್ರ ಮತ್ತೆ ಬರಲಿಲ್ಲ.

ಈ ಸಲ ಪುತ್ತಿಗೆಯಲ್ಲಿ ತೆನೆ ಕಟ್ಟುವ ದಿನ ಮನೆ ತುಂಬಿತ್ತು. ಮೊಮ್ಮಗಳಿಗೆ ಮೊದಲ ಹಬ್ಬ. ಅದಕ್ಕೆ ಹಣೆಗೆ ಕಪ್ಪು ಬೊಟ್ಟು, ಕೆನ್ನೆಗೆ ಒಂದು, ಕಾಲಿಗೆ ಒಂದು ಇಟ್ಟು, ಯಾರ ಕಣ್ಣೂ ತಾಗದಿರಲಿ ಎಂದು ನಾನೇ ಅದನ್ನು ಕಣ್ಣು ಹೋಗುವಷ್ಟು ನೋಡಿದೆ. ಗದ್ದೆಯಿಂದ ತೆನೆ ತಂದು, ಬಾಗಿಲಿಗೆ, ಬಾವಿಗೆ, ಗ್ಯಾಸ್ ಸಿಲಿಂಡರಿಗೂ ಒಂದು ಕಟ್ಟಿ ನಾನು ಅಂಗಳಕ್ಕೆ ಬಂದೆ. ಅಲ್ಲಿ ಅಳಿಯ ಪ್ರದೀಪ ಮಿಂದು, ಬಿಳಿ ಪಂಚೆ ಉಟ್ಟು, ಆ ಕಾರಿನ ಬಾನೆಟ್ ಎತ್ತಿ ಹಿಡಿದು ಭಕ್ತಿಯಿಂದ ನಿಂತಿದ್ದಾನೆ. ಕೈಯಲ್ಲಿ ಒಂದು ತೆನೆ.

“ಅತ್ತೆ, ಗೇರ್ ಬಾಕ್ಸು ಈಗ ಸರಿಯಾಗಿದೆ. ಎಂಜಿನಿಗೇ ಒಂದು ಕಟ್ಟುವ, ಅಲ್ಲವಾ?”

“ಮುಚ್ಚು ಅದನ್ನು!”

ಅಳಿಯನಿಗೆ ನಾನು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಮೂಡಬಿದಿರೆಗೆ ಕೇಳುವಷ್ಟು ಜೋರಾಗಿ ಬಂತು. ಒಳಗೆ ಮಗು ಎದ್ದು ಅತ್ತಿತು. ಪ್ರದೀಪ ಹೆದರಿ ಬಾನೆಟ್ ಬಿಟ್ಟ, ಅದು ಢಬ್ ಎಂದು ಬಿತ್ತು. ಅಶ್ವಿನಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಅವಳಿಗೆ ಬೊಳ್ಳಿಯ ಕಥೆ ಗೊತ್ತು.

“ಹಾಗಾದರೆ ಈ ತೆನೆ ಎಲ್ಲಿಗೆ ಅತ್ತೆ?” ಎಂದ ಪ್ರದೀಪ, ಮೆಲ್ಲನೆ.

“ತೊಟ್ಟಿಲಿಗೆ.”

“ತೊಟ್ಟಿಲು...” ಎಂದು ಅವನು ನಿಲ್ಲಿಸಿದ. ಜೋಲಿ ಕಟ್ಟಿದ ಕಡೆ ನೋಡಿದ.

“ಹೌದು, ಅದು ಇಲ್ಲ. ನಮ್ಮ ಮನೆಯಲ್ಲಿಯೂ ಹೀಗೇ ಇತ್ತು. ಎಂಜಿನಿಗೆ ತೆನೆ ಇತ್ತು, ನನ್ನ ಶಾಲೆಗೆ ಮುಂದಿನ ವರ್ಷ ಇತ್ತು.”

ಹೆಚ್ಚು ಹೇಳಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಹಬ್ಬದ ದಿನ ಅಳಬಾರದು. ಪ್ರದೀಪ ತೆನೆಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ನಡೆದುಕೊಂಡೇ ರಸ್ತೆಗೆ ಹೋದ. ಕಾರು ಅಂಗಳದಲ್ಲೇ ಇತ್ತು. ಊಟದ ಹೊತ್ತಾಯಿತು, ಎಲ್ಲರೂ ಉಂಡರು, ಅವನು ಬರಲಿಲ್ಲ. “ಅಮ್ಮ, ನೀನು ಸ್ವಲ್ಪ ಹೆಚ್ಚೇ ಹೇಳಿದೆ,” ಎಂದಳು ಅಶ್ವಿನಿ. “ನನ್ನ ಅಮ್ಮ ಕಡಿಮೆ ಹೇಳಿದಳು,” ಎಂದೆ ನಾನು. ಎಂದೆ ಹೊರತು, ಪಾತ್ರೆ ತೊಳೆಯುವಾಗ ಕಿವಿ ಮಾತ್ರ ರಸ್ತೆಯ ಕಡೆಗೇ ಇತ್ತು.

ಇಳಿಹೊತ್ತಿಗೆ ಒಂದು ಗೂಡ್ಸ್ ರಿಕ್ಷಾ ಬಂದು ಕಾರಿನ ಹಿಂದೆ ನಿಂತಿತು. ಹಿಂದೆ ತೊಟ್ಟಿಲು, ಅದು ಅಲುಗದ ಹಾಗೆ ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಅದರ ಪಕ್ಕ ಪ್ರದೀಪ. ಬಿಳಿ ಪಂಚೆಯೆಲ್ಲ ಧೂಳು. ಹಲಸಿನ ಮರದ್ದೇ. ಮೂಡಬಿದಿರೆಯಲ್ಲಿ ಬಡಗಿಯ ಬಾಗಿಲು ತಟ್ಟಿ, ಬೇರೆಯವರಿಗೆ ಮಾಡಿಟ್ಟದ್ದನ್ನು ಕಾಡಿ ಬೇಡಿ ತಂದದ್ದಂತೆ. ಇಳಿಸುವ ಮೊದಲೇ ತೆನೆ ಅದರ ಹಿಡಿಗೆ ಕಟ್ಟಿಯಾಗಿತ್ತು. ಗಂಟು ಸರಿ ಇರಲಿಲ್ಲ, ನಾನು ಬಿಚ್ಚಿ ಕಟ್ಟಲು ಹೋಗಲಿಲ್ಲ. ಮಗುವನ್ನು ಮಲಗಿಸಿದೆವು. ಅದು ಒಮ್ಮೆ ಸುತ್ತ ನೋಡಿ, ತನ್ನ ಮನೆಗೆ ಬಂದವಳ ಹಾಗೆ ಕಾಲು ಚಾಚಿತು. ನನಗೆ ಕುಣಿಯುವ ಹಾಗಾಯಿತು, ಮೊಣಕಾಲು ಬಿಡಲಿಲ್ಲ.

“ಅತ್ತೆ, ಹಸಿವಾಗ್ತದೆ,” ಎಂದ ಪ್ರದೀಪ.

ನಾನು ಬಾಳೆಲೆ ತೊಳೆದು ಅವನ ಎದುರು ಹಾಸಿದೆ. ಇನ್ನೂ ಸಿಟ್ಟು ಇಳಿದಿರಲಿಲ್ಲ, ಅಂಗಳದಲ್ಲಿ ಆ ಕಾರು ನಿಂತೇ ಇತ್ತು. ಎಲೆಯಲ್ಲಿ ಏನೆಲ್ಲ ಬಡಿಸಬಹುದು ಎಂದು ನನ್ನ ಅಮ್ಮ ನನಗೆ ತೋರಿಸಿಕೊಟ್ಟಿದ್ದಳು. ಹೊಸ ಅಕ್ಕಿಯ ಪಾಯಸ ಇಡೀ ಪಾತ್ರೆಯಲ್ಲೇ ತಂದು, ಸಾಕು ಎನ್ನುವವರೆಗೆ ಬಡಿಸಿದೆ.